ಗಾಳಿಯ ಋಣ

ಋಣವೆಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಸಾಮಾನ್ಯವಾಗಿ ಹಣದ ಕಡೆಗೇ ಹರಿಯುತ್ತದೆ. ಸಾಲದ ಪತ್ರ, ಬಡ್ಡಿ, ಮರುಪಾವತಿಯ ಗಡುವು ಇವೇ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಪತ್ರಕ್ಕೆ ಇಳಿಯದ, ಸಾಕ್ಷಿಗಳಿಲ್ಲದ, ಕೊಟ್ಟವನೂ ಕೇಳದ ಋಣಗಳು ಲೋಕದಲ್ಲಿ ಬಹಳ ಇವೆ. ಅಂಥ ಒಂದು ಋಣವನ್ನು ಬರಿಗಣ್ಣಿನಿಂದ ನೋಡಬೇಕೆಂದು ಬಯಸುವವರು ಯಾವುದಾದರೊಂದು ವಾರಾಂತ್ಯದಲ್ಲಿ ಎಳೆಯರ ಸೈಕಲ್ ಸ್ಪರ್ಧೆ ನಡೆಯುವ ರಸ್ತೆಯ ಬದಿಯಲ್ಲಿ ನಿಲ್ಲಬೇಕು. ಅಲ್ಲಿ ಹದಿನಾರು ಹದಿನೇಳರ ಹುಡುಗರು, ಹುಡುಗಿಯರು ಒಬ್ಬರ ಬೆನ್ನ ಹಿಂದೆ ಒಬ್ಬರಾಗಿ ಸಾಗುತ್ತಾರೆ. ಮುಂದಿರುವವನು ಗಾಳಿಯನ್ನು ಸೀಳುತ್ತಾನೆ. ಹಿಂದಿರುವವನು ಆ ಸೀಳಿನಲ್ಲಿ ಸುಲಭವಾಗಿ ಬರುತ್ತಾನೆ. ಹಾಗೆ ಬಂದವನು ಮುಂದಿದ್ದವನಿಗೆ ಋಣಿ. ಆ ಋಣವನ್ನು ಅವನು ಹೇಗೆ ತೀರಿಸುತ್ತಾನೆ ಎಂಬುದರಲ್ಲಿ ಅವನ ಶೀಲದ ಮೊದಲ ಪರೀಕ್ಷೆ ಅಡಗಿದೆ.

ಕನ್ನಡ ನಾಡಿನಲ್ಲಿ ಈ ಕ್ರೀಡೆ ಬೇರುಬಿಟ್ಟಿರುವುದು ಮುಖ್ಯವಾಗಿ ಉತ್ತರದ ಬಯಲುಸೀಮೆಯಲ್ಲಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹೆಸರು ರಾಜ್ಯದ ಸೈಕ್ಲಿಂಗ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ವಿಜಯಪುರದ ಕ್ರೀಡಾ ವಸತಿ ನಿಲಯ, ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾಶಾಲೆ ಮೊದಲಾದ ಕಡೆಗಳಲ್ಲಿ ಬೆಳೆದ ಮಕ್ಕಳು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗಿ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಗಳಿಂದ ಬಂದವರು. ಜೋಳದ ಹೊಲಗಳ ನಡುವೆ ನೇರವಾಗಿ ಹಾಯ್ದುಹೋಗುವ ರಸ್ತೆಗಳು, ಮರಗಳ ಮರೆಯಿಲ್ಲದ ಎರೆಭೂಮಿ, ಅಡೆತಡೆಯಿಲ್ಲದೆ ಬೀಸುವ ಗಾಳಿ ಇವು ಅಲ್ಲಿನ ಮಕ್ಕಳ ಪಾಲಿಗೆ ಮೊದಲ ಗುರುಗಳು. ಜಾತ್ರೆ ಉತ್ಸವಗಳ ಕಾಲದಲ್ಲಿ ಊರಿನ ಹಿರಿಯರು ಸೈಕಲ್ ಓಟವನ್ನು ಏರ್ಪಡಿಸಿ ಬಹುಮಾನ ಹಂಚುವ ರೂಢಿಯೂ ಆ ಭಾಗದಲ್ಲಿದೆ. ಆದ್ದರಿಂದ ಈ ವಿಷಯ ದೂರದೇಶದ ವಿಲಾಸಿಗಳ ಆಟದ ಮಾತಲ್ಲ; ನಮ್ಮದೇ ಮನೆಗಳ, ನಮ್ಮದೇ ಊರುಗಳ ಮಕ್ಕಳ ಮಾತು.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ, ಆ ವರ್ಷದಲ್ಲಿ ಹದಿನೇಳು ಅಥವಾ ಹದಿನೆಂಟು ತುಂಬುವವರು ಕಿರಿಯರ, ಅಂದರೆ ಜೂನಿಯರ್ ವರ್ಗಕ್ಕೆ ಸೇರುತ್ತಾರೆ. ಈ ವಯಸ್ಸಿನವರಿಗಾಗಿ ವಿಶ್ವ ಚಾಂಪಿಯನ್‌ಷಿಪ್ 1975ರಿಂದ ನಡೆಯುತ್ತ ಬಂದಿದೆ. ಅವರಿಗಿಂತ ಚಿಕ್ಕವರಿಗೂ ಆಯಾ ದೇಶಗಳಲ್ಲಿ, ರಾಜ್ಯಗಳಲ್ಲಿ ವಯೋಮಾನಕ್ಕೆ ತಕ್ಕ ಸ್ಪರ್ಧೆಗಳಿವೆ. ಎರಡು ದಿನಗಳ ಕೂಟವಾದರೆ ಸಾಮಾನ್ಯವಾಗಿ ಒಂದು ದಿನ ಟೈಮ್ ಟ್ರಯಲ್, ಮರುದಿನ ಎಲ್ಲರೂ ಒಟ್ಟಿಗೆ ಹೊರಡುವ ಮಾಸ್ ಸ್ಟಾರ್ಟ್ ಸ್ಪರ್ಧೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿಯ ಓಟಗಳು. ಆದರೆ ಮನುಷ್ಯನನ್ನು ಪರೀಕ್ಷಿಸುವ ಬಗೆಯಲ್ಲಿ ಇವೆರಡಕ್ಕೂ ಅಜಗಜಾಂತರವಿದೆ. ಮೊದಲನೆಯ ದಿನ ಅವನು ತನ್ನೊಂದಿಗೆ ತಾನು ಹೇಗಿದ್ದಾನೆಂಬುದು ತಿಳಿಯುತ್ತದೆ; ಎರಡನೆಯ ದಿನ ಇತರರೊಂದಿಗೆ ಹೇಗಿದ್ದಾನೆಂಬುದು.

ಟೈಮ್ ಟ್ರಯಲ್‌ನಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ, ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಬ್ಬರಂತೆ ಬಿಡುತ್ತಾರೆ. ಅವನ ಎದುರಾಳಿ ಗಡಿಯಾರ. ಮುಂದೆ ಹೊರಟವನನ್ನು ಹಿಂದಿನವನು ಹಿಡಿದರೆ ಇಬ್ಬರೂ ಜೊತೆಗೂಡುವಂತಿಲ್ಲ. ದಾಟುವಾಗ ಇಬ್ಬರ ನಡುವೆ ಕನಿಷ್ಠ 2 ಮೀಟರ್ ಅಡ್ಡಂತರವಿರಬೇಕು. ದಾಟಿ ಒಂದು ಕಿಲೋಮೀಟರ್ ಆದ ಮೇಲೂ ಹಿಂದೆ ಬಿದ್ದವನು ಕನಿಷ್ಠ 25 ಮೀಟರ್ ದೂರವನ್ನು ಕಾಯ್ದುಕೊಳ್ಳಬೇಕು. ಇನ್ನೊಬ್ಬನ ಬೆನ್ನ ಆಸರೆಯನ್ನು ಅಂದು ಯಾರೂ ಪಡೆಯಬಾರದು ಎಂಬುದು ಈ ನಿಯಮದ ತಿರುಳು.

ಇಂಥ ನಿಯಮವನ್ನು ಕಾಯುವವರು ಯಾರು? ದೊಡ್ಡ ಕೂಟಗಳಲ್ಲಿ ಮೋಟಾರ್ ಸೈಕಲ್ ಮೇಲೆ ತೀರ್ಪುಗಾರರು ಹಿಂಬಾಲಿಸುತ್ತಾರೆ. ಜಿಲ್ಲೆಯ ಮಟ್ಟದ ಸ್ಪರ್ಧೆಯಲ್ಲಿ ಅಷ್ಟೊಂದು ಜನ, ಅಷ್ಟೊಂದು ವಾಹನಗಳು ಇರುವುದಿಲ್ಲ. ಹೊಲಗಳ ನಡುವಿನ ರಸ್ತೆಯ ಮೇಲೆ ಇಬ್ಬರು ಹುಡುಗರನ್ನು ಬಿಟ್ಟರೆ ಬೇರೆ ಕಣ್ಣುಗಳಿಲ್ಲದ ಗಳಿಗೆಗಳು ಬರುತ್ತವೆ. ಮುಂದಿನವನ ಹಿಂಬದಿಯ ಚಕ್ರಕ್ಕೆ ಅಂಟಿಕೊಂಡು ಎರಡು ಕಿಲೋಮೀಟರ್ ಸಾಗಿದರೆ ಹತ್ತು ಹದಿನೈದು ಸೆಕೆಂಡುಗಳ ಲಾಭವಾದೀತು. ಅದನ್ನು ಪಡೆಯದೆ, ರಸ್ತೆಯ ಈ ಬದಿಗೆ ಬಂದು ಒಂಟಿಯಾಗಿ ಗಾಳಿಗೆ ಎದೆಯೊಡ್ಡಿ ಹೋದ ಹುಡುಗನ ಸಂಯಮಕ್ಕೆ ಪದಕವಿಲ್ಲ, ಪ್ರಮಾಣಪತ್ರವಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಅದು ಕಾಣಿಸುವುದೇ ಆದರೆ ಒಂದೆರಡು ಸ್ಥಾನ ಕೆಳಗಿರುವ ಅವನ ಹೆಸರಿನ ರೂಪದಲ್ಲಿ ಕಾಣಿಸುತ್ತದೆ. ಆದರೂ ಅವನಿಗೆ ತನ್ನ ಹೊತ್ತು ಎಷ್ಟೆಂಬುದು ನಿಜವಾಗಿ ತಿಳಿದಿರುತ್ತದೆ. ಅಂಟಿಕೊಂಡು ಬಂದವನಿಗೆ ಆ ಭಾಗ್ಯವಿಲ್ಲ. ತನ್ನ ಸಾಮರ್ಥ್ಯವೆಷ್ಟು ಎಂಬ ಪ್ರಶ್ನೆಗೆ ಅವನ ಬಳಿ ಇರುವ ಉತ್ತರ ಸುಳ್ಳು ಉತ್ತರ. ಮುಂದಿನ ಅಭ್ಯಾಸವನ್ನು ಅವನು ಆ ಸುಳ್ಳಿನ ಮೇಲೆಯೇ ಕಟ್ಟಬೇಕಾಗುತ್ತದೆ.

ಮರುದಿನದ ಸ್ಪರ್ಧೆಯ ಧರ್ಮವೇ ಬೇರೆ. ಹಿಂದಿನ ದಿನ ಅಪರಾಧವಾಗಿದ್ದುದು ಅಂದು ಕೌಶಲವಾಗುತ್ತದೆ. ಸಮತಟ್ಟಾದ ರಸ್ತೆಯ ಮೇಲೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದರಲ್ಲಿಯೇ ವ್ಯಯವಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯನ್ನು ಎದುರಿಸಲು ಬೇಕಾಗುವ ಬಲದ ವ್ಯಯ ಎಂಟರಷ್ಟಾಗುತ್ತದೆ ಎಂಬುದು ಭೌತಶಾಸ್ತ್ರದ ಲೆಕ್ಕ. ಆದರೆ ಇನ್ನೊಬ್ಬನ ಹಿಂದೆ ಸನಿಹದಲ್ಲಿ ಸಾಗುವವನಿಗೆ ಸರಿಸುಮಾರು ಮೂರರಲ್ಲಿ ಒಂದು ಭಾಗದ ಶ್ರಮ ಉಳಿಯುತ್ತದೆ. ಗಾಳಿ ಎದುರಿನಿಂದ ಬಂದರೆ ಸವಾರರು ನೇರ ಸಾಲಿನಲ್ಲಿ ಸಾಗುತ್ತಾರೆ. ಬದಿಯಿಂದ ಬೀಸಿದರೆ ರಸ್ತೆಯ ಅಗಲಕ್ಕೂ ಓರೆಯಾಗಿ ಸಾಲುಗಟ್ಟುತ್ತಾರೆ. ಮುಂದಿರುವವನು ಕೆಲಹೊತ್ತು ದುಡಿದು, ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಬಂದು ಸೇರುತ್ತಾನೆ, ಎರಡನೆಯವನು ಮುಂದಾಗುತ್ತಾನೆ. ಹೀಗೆ ಸರದಿ ತಿರುಗುತ್ತದೆ. ಇದು ಕೂಡುಬಾಳಿನ ಅತ್ಯಂತ ಸರಳವಾದ ಚಿತ್ರ. ಊರಿನಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮಾಷೆಯೆಂದರೆ, ಹೀಗೆ ಕೂಡಿ ದುಡಿಯುವವರೆಲ್ಲರೂ ಪರಸ್ಪರ ಎದುರಾಳಿಗಳು. ಕೊನೆಯ ಇನ್ನೂರು ಮೀಟರ್‌ನಲ್ಲಿ ಒಬ್ಬನನ್ನೊಬ್ಬ ಸೋಲಿಸಬೇಕಾದವರು. ಸಹಕಾರವಿಲ್ಲದೆ ಗುರಿ ಸೇರಲಾರರು, ಸ್ಪರ್ಧೆಯಿಲ್ಲದೆ ಗೆಲ್ಲಲಾರರು. ಈ ಎರಡರ ನಡುವಿನ ಇಕ್ಕಟ್ಟಿನಲ್ಲಿಯೇ ಎಳೆಯ ಮನಸ್ಸು ತನ್ನ ದಾರಿಯನ್ನು ಹುಡುಕಬೇಕು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಅರುವತ್ತು ಕಿಲೋಮೀಟರ್ ಸ್ಪರ್ಧೆ. ನಡುದಾರಿಯಲ್ಲಿ ಮೂವರು ಹುಡುಗರು ಗುಂಪನ್ನು ಹಿಂದಿಕ್ಕಿ ಮುಂದೆ ಹೋಗಿದ್ದಾರೆ. ಇಬ್ಬರು ಸರದಿಯಂತೆ ಗಾಳಿಗೆ ಮುಖವೊಡ್ಡಿ ದುಡಿಯುತ್ತಿದ್ದಾರೆ. ಮೂರನೆಯವನು ತನ್ನ ಸರದಿ ಬಂದಾಗಲೆಲ್ಲ ತಲೆಯಾಡಿಸಿ, ಕಾಲು ಹಿಡಿದುಕೊಂಡಂತೆ ಮುಖಮಾಡಿ, ಕೊನೆಯಲ್ಲಿಯೇ ಉಳಿಯುತ್ತಾನೆ. ಕೊನೆಯ ತಿರುವು ದಾಟಿದೊಡನೆ ಅದೇ ಕಾಲುಗಳಿಗೆ ಎಲ್ಲಿಲ್ಲದ ಬಲ ಬರುತ್ತದೆ. ಅವನು ಇಬ್ಬರನ್ನೂ ದಾಟಿ ಮೊದಲಿಗನಾಗುತ್ತಾನೆ. ಬೆಳಿಗ್ಗೆ ಹೊರಡುವ ಮುನ್ನ ತಂದೆ ಅವನ ಕಿವಿಯಲ್ಲಿ ಹೇಳಿದ್ದು ಇದನ್ನೇ: "ಮುಂದ ಹೋಗಬ್ಯಾಡ. ಹಿಂದ ಕುಂತ ಬಾ. ಕಡೀಕ ಒಮ್ಮೆ ಜೋರ ಹೊಡಿ." ಸಂಜೆ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಮರಳುವಾಗ ಮಗನ ಮುಖದಲ್ಲಿ ಗೆಲುವಿನ ಕಳೆಯಿಲ್ಲ.

"ಅಪ್ಪಾ, ಅಂವಾ ನನ್ನ ಕೂಡ ಮಾತಾಡಲಿಲ್ಲ," ಎನ್ನುತ್ತಾನೆ. ದುಡಿದ ಇಬ್ಬರಲ್ಲಿ ಒಬ್ಬ ಅವನ ವಸತಿ ನಿಲಯದ ಗೆಳೆಯ. ಒಂದೇ ಕೋಣೆಯಲ್ಲಿ ಮಲಗುವವನು.

"ಯಾಕ? ನೀ ಗೆದ್ದಿಲ್ಲೇನು? ಸೋತಂವಗ ಸಿಟ್ಟ ಬರೂದ," ಎಂದು ತಂದೆ ಮಾತು ಮುಗಿಸುತ್ತಾನೆ.

"ಕಾಲ ನೋಯಾಕತ್ತಾವ ಅಂತ ಹೇಳಿದ್ನೆಪಾ ನಾ," ಎಂದು ಮಗ ಕಿಟಕಿಯ ಕಡೆ ತಿರುಗುತ್ತಾನೆ.

ತಂದೆಯ ಮಾತಿನಲ್ಲಿ ಕಾನೂನಿನ ದೃಷ್ಟಿಯಿಂದ ತಪ್ಪಿಲ್ಲ. ನಿಯಮದ ಯಾವ ಪುಸ್ತಕವೂ ಸವಾರನು ಇಷ್ಟು ಹೊತ್ತು ಮುಂದೆ ದುಡಿಯಲೇಬೇಕೆಂದು ವಿಧಿಸುವುದಿಲ್ಲ. ಅನುಭವಿಗಳೂ ಇದನ್ನು ಒಪ್ಪುತ್ತಾರೆ. ನಿಜವಾಗಿ ದಣಿದವನು ಹಿಂದೆ ಉಳಿದರೆ ಅದು ಆಶ್ರಯ. ಬಲವಿರುವವರು ಅದನ್ನು ಕೊಡಬೇಕಾದದ್ದೇ. ತನ್ನ ತಂಡದ ಸಂಗಾತಿ ಮುಂದೆ ಹೋಗಿರುವಾಗ ಅವನನ್ನು ಬೆನ್ನಟ್ಟುವವರಿಗೆ ನೆರವಾಗದೆ ಉಳಿಯುವುದೂ ಎಲ್ಲರೂ ಬಲ್ಲ, ಎಲ್ಲರೂ ಒಪ್ಪಿದ ತಂತ್ರ. ಬಲವನ್ನು ಕಾಯ್ದಿಟ್ಟುಕೊಳ್ಳುವುದು ವಿವೇಕವೇ ಹೊರತು ಪಾಪವಲ್ಲ. ಹಾಗಿದ್ದರೆ ಆ ಹುಡುಗನ ಮನಸ್ಸು ಕುಗ್ಗಿದ್ದೇಕೆ? ಅವನು ಹಿಂದೆ ಕುಳಿತದ್ದಕ್ಕಲ್ಲ. ಇದ್ದ ಬಲವನ್ನು ಇಲ್ಲವೆಂದು ನಂಬಿಸಿದ್ದಕ್ಕೆ. ಗೆಳೆಯ ಕೊಟ್ಟದ್ದು ದಣಿದವನಿಗೆ ಕೊಡುವ ಆಶ್ರಯ. ಇವನು ಪಡೆದದ್ದು ದಣಿಯದವನ ಲಾಭ. ಎರಡರ ನಡುವಿನ ಅಂತರವನ್ನು ಯಾವ ತೀರ್ಪುಗಾರನೂ ಅಳೆಯಲಾರ. ಆದರೆ ಅಳತೆಗೆ ಒಂದು ಸುಲಭವಾದ ಮಾನದಂಡವಿದೆ. ತಾನು ಅನುಸರಿಸಿದ ತಂತ್ರವನ್ನು ಸಂಜೆ ಗೆಳೆಯನ ಎದುರಿಗೆ ಕುಳಿತು ತಲೆಯೆತ್ತಿ ಹೇಳಬಲ್ಲೆನೇ ಎಂದು ಕೇಳಿಕೊಂಡರೆ ಸಾಕು. ಹೇಳಬಹುದಾದದ್ದು ತಂತ್ರ, ಹೇಳಲಾಗದ್ದು ವಂಚನೆ.

1952ರ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ತೆಗೆದ ಒಂದು ಛಾಯಾಚಿತ್ರ ಈ ಕ್ರೀಡೆಯ ಅಭಿಮಾನಿಗಳಿಗೆಲ್ಲ ಪರಿಚಿತ. ಬೆಟ್ಟದ ಏರಿನಲ್ಲಿ ಇಟಲಿಯ ಇಬ್ಬರು ಮಹಾ ಸವಾರರು, ಫಾಸ್ಟೊ ಕೊಪ್ಪಿ ಮತ್ತು ಜೀನೊ ಬಾರ್ತಾಲಿ, ಹಿಂದುಮುಂದಾಗಿ ಸಾಗುತ್ತಿದ್ದಾರೆ. ಇವರ ಪೈಪೋಟಿ ಇಟಲಿಯ ಜನರನ್ನೇ ಎರಡು ಪಕ್ಷವಾಗಿ ಒಡೆದಿತ್ತು. ಚಿತ್ರದಲ್ಲಿ ಇಬ್ಬರ ಕೈಗಳೂ ಒಂದೇ ನೀರಿನ ಬಾಟಲಿಯ ಮೇಲಿವೆ. ಕೊಟ್ಟವನಾರು, ಪಡೆದವನಾರು ಎಂಬ ವಾದ ಇಂದಿಗೂ ಮುಗಿದಿಲ್ಲ. ಕೊಡುವುದೂ ಪಡೆಯುವುದೂ ಇಷ್ಟೊಂದು ಬೆರೆತುಹೋಗಿ, ಲೆಕ್ಕ ಹಾಕುವವರಿಗೇ ಗೊಂದಲವಾಗುವಂಥ ಸ್ಥಿತಿ ಎದುರಾಳಿಗಳ ನಡುವೆಯೂ ಸಾಧ್ಯ ಎಂಬುದಕ್ಕೆ ಆ ಚಿತ್ರ ಸಾಕ್ಷಿ.

ಆದರೆ ಎಳೆಯರ ಸತ್ಯಸಂಧತೆಯ ಬಗ್ಗೆ ಮಾತನಾಡುವಾಗ ಹಿರಿಯರು ತಮ್ಮ ಪಾಲನ್ನು ಮರೆಯುವಂತಿಲ್ಲ. ಮೇಲಿನ ಪ್ರಸಂಗದಲ್ಲಿ ಮಗ ಸುಳ್ಳಾಡಿದನು, ನಿಜ. ಆ ಸುಳ್ಳಿಗೆ ಬೀಜ ಬಿತ್ತಿದವನು ತಂದೆ. ಈ ಕ್ರೀಡೆಯಲ್ಲಿ ಬೆಳಕಿಗೆ ಬಂದ ದೊಡ್ಡ ಮೋಸಗಳನ್ನು ನೋಡಿದರೂ ಅಲ್ಲಿ ಒಬ್ಬಂಟಿ ಅಪರಾಧಿ ಸಿಗುವುದು ಅಪರೂಪ. ಉದ್ದೀಪನ ಮದ್ದಿನ ಜಾಲ ಬಯಲಾಗಿ 2012ರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರಿಂದ ಏಳು ಟೂರ್ ದ ಫ್ರಾನ್ಸ್ ಪ್ರಶಸ್ತಿಗಳನ್ನು ಹಿಂತೆಗೆದುಕೊಂಡಾಗ, ವೈದ್ಯರು, ತಂಡದ ವ್ಯವಸ್ಥಾಪಕರು ಮೊದಲಾದವರೂ ಅದರಲ್ಲಿ ಭಾಗಿಗಳಾಗಿದ್ದುದು ತಿಳಿಯಿತು. 2016ರ ಜನವರಿಯಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ನಡೆದ ಸೈಕ್ಲೊಕ್ರಾಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹತ್ತೊಂಬತ್ತು ವರ್ಷದ ಸವಾರಳೊಬ್ಬಳಿಗಾಗಿ ಇರಿಸಿದ್ದ ಸೈಕಲ್ಲಿನ ಚೌಕಟ್ಟಿನೊಳಗೆ ಗುಪ್ತವಾದ ಮೋಟಾರ್ ಪತ್ತೆಯಾಯಿತು. ಆಕೆಗೆ ಆರು ವರ್ಷಗಳ ನಿಷೇಧ ಬಿತ್ತು. ಸೈಕಲ್ಲಿನ ಕೊಳವೆಯೊಳಗೆ ಮೋಟಾರ್ ಇಡುವುದು ಹರೆಯದ ಹುಡುಗಿಯೊಬ್ಬಳು ಒಂದು ಸಂಜೆ ಕುಳಿತು ಮಾಡಬಹುದಾದ ಕೆಲಸವೇ? ಶಿಕ್ಷೆಯನ್ನು ಅನುಭವಿಸಿದವಳು ಒಬ್ಬಳು. ಕ್ರೀಡಾಜೀವನ ಮುಗಿದದ್ದು ಒಬ್ಬಳದು.

ಈ ಅನ್ಯಾಯವನ್ನು ಅರಿತೇ ಇರಬೇಕು, 2021ರಲ್ಲಿ ಜಾರಿಗೆ ಬಂದ ವಿಶ್ವ ಉದ್ದೀಪನ ಮದ್ದು ತಡೆ ಸಂಹಿತೆಯು ಹದಿನಾರರ ಒಳಗಿನವರನ್ನೂ, ಕೆಲವು ಷರತ್ತುಗಳೊಂದಿಗೆ ಹದಿನೆಂಟರ ಒಳಗಿನವರನ್ನೂ ರಕ್ಷಿತ ವ್ಯಕ್ತಿಗಳೆಂದು ಪರಿಗಣಿಸಿತು. ಅಂಥವರ ದೇಹದಲ್ಲಿ ಮದ್ದು ಸಿಕ್ಕರೆ ಶಿಕ್ಷೆಯಲ್ಲಿ ಸಡಿಲಿಕೆಗೆ ಅವಕಾಶವಿದೆ. ಅವರ ಸುತ್ತಲಿನ ತರಬೇತುದಾರರು, ಸಹಾಯಕರು ಏನು ಮಾಡುತ್ತಿದ್ದರೆಂಬ ವಿಚಾರಣೆ ನಡೆಯಲೇಬೇಕು. ಎಳೆಯರಿಗೆ ಘೋರವಾದ ಮದ್ದನ್ನು ಕೊಟ್ಟ ಹಿರಿಯನಿಗೆ ಆಜೀವ ನಿಷೇಧ. ಮಗುವಿನ ಕೈಯಲ್ಲಿರುವ ಕಳ್ಳಮಾಲಿನ ಬಗ್ಗೆ ಮೊದಲು ಮನೆಯವರನ್ನು ಕೇಳಬೇಕೆಂಬ ಹಳೆಯ ವಿವೇಕವೇ ಇಲ್ಲಿ ಕಾನೂನಿನ ಭಾಷೆಯನ್ನು ಪಡೆದಿದೆ.

ಮದ್ದು, ಮೋಟಾರ್ ಇವೆಲ್ಲ ದೂರದ ಮಾತುಗಳೆಂದು ನಿಟ್ಟುಸಿರು ಬಿಡುವವರು ತಮಗೆ ಹತ್ತಿರದ ಒಂದು ಸುಳ್ಳನ್ನು ನೆನೆಯಬೇಕು. ಅದು ವಯಸ್ಸಿನ ಸುಳ್ಳು. ಹದಿನೆಂಟು ತುಂಬಿದವನನ್ನು ಹದಿನಾರರವನೆಂದು ತೋರಿಸಿ ಕಿರಿಯರ ಸಾಲಿನಲ್ಲಿ ನಿಲ್ಲಿಸುವ ಚಾಳಿ ನಮ್ಮ ದೇಶದ ಅನೇಕ ಕ್ರೀಡೆಗಳನ್ನು ಕಾಡಿದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ 2010ರಲ್ಲಿ ವಯೋವಂಚನೆಯ ವಿರುದ್ಧ ರಾಷ್ಟ್ರೀಯ ಸಂಹಿತೆಯನ್ನು ರೂಪಿಸಬೇಕಾಯಿತು. ಬೆಳೆಯುವ ವಯಸ್ಸಿನಲ್ಲಿ ಎರಡು ವರ್ಷಗಳ ಅಂತರವೆಂದರೆ ಎಲುಬು, ಸ್ನಾಯು, ಶ್ವಾಸಕೋಶ ಎಲ್ಲದರ ಅಂತರ. ಇಂಥ ಸುಳ್ಳಿನ ಮೊದಲ ಬಲಿ ಎರಡನೆಯ ಸ್ಥಾನಕ್ಕೆ ಇಳಿದ ನಿಜವಾದ ಹದಿನಾರರ ಹುಡುಗ. ಎರಡನೆಯ ಬಲಿ ಗೆದ್ದವನೇ. ಜನ್ಮದಿನಾಂಕದ ದಾಖಲೆಯನ್ನು ತಿದ್ದಿಸಲು ಓಡಾಡುವವರು ಸಾಮಾನ್ಯವಾಗಿ ಮನೆಯ ಹಿರಿಯರೇ. ತನ್ನ ಹೆತ್ತವರೇ ತನ್ನ ಹುಟ್ಟಿನ ದಿನವನ್ನು ಮಾರಿದರೆಂಬ ಅರಿವಿನೊಂದಿಗೆ ಆ ಮಗು ಬೆಳೆಯಬೇಕಾಗುತ್ತದೆ.

ಹಿರಿಯರು ಹಾಕಿಕೊಟ್ಟ ಒಳ್ಳೆಯ ಮಿತಿಗಳ ಉದಾಹರಣೆಯೂ ಈ ಕ್ರೀಡೆಯಲ್ಲಿದೆ. ಕಿರಿಯರ ಸೈಕಲ್ಲಿನ ಗೇರಿಗೆ ಬಹುಕಾಲ ಒಂದು ಕಟ್ಟಳೆಯಿತ್ತು. ಪೆಡಲನ್ನು ಒಂದು ಸುತ್ತು ಪೂರ್ಣವಾಗಿ ತುಳಿದಾಗ ಸೈಕಲ್ 7.93 ಮೀಟರಿಗಿಂತ ಹೆಚ್ಚು ಮುಂದೆ ಹೋಗಬಾರದು. ನೆಲದ ಮೇಲೆ ಗೆರೆ ಎಳೆದು, ಪೆಡಲ್ ಒಂದು ಸುತ್ತು ಬರುವಂತೆ ಸೈಕಲ್ಲನ್ನು ಉರುಳಿಸಿ ತೀರ್ಪುಗಾರರು ಅಳೆಯುತ್ತಿದ್ದರು, ಮೀರಿದವರಿಗೆ ಸ್ಥಾನವಿಲ್ಲ. ಇನ್ನೂ ಬಲಿಯದ ಮೊಣಕಾಲುಗಳ ಮೇಲೆ ಭಾರ ಬೀಳಬಾರದು, ಬಲದಿಂದ ತುಳಿಯುವುದಕ್ಕಿಂತ ಲಯದಿಂದ ತುಳಿಯುವುದನ್ನು ಮಕ್ಕಳು ಮೊದಲು ಕಲಿಯಬೇಕು ಎಂಬುದು ಅದರ ಹಿಂದಿನ ಎಣಿಕೆ. 2023ರ ಆರಂಭದಿಂದ ಅಂತರರಾಷ್ಟ್ರೀಯ ಒಕ್ಕೂಟ ಜೂನಿಯರ್ ವರ್ಗಕ್ಕೆ ಈ ಮಿತಿಯನ್ನು ತೆಗೆದುಹಾಕಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ತಜ್ಞರಿಗೆ ಬಿಟ್ಟದ್ದು. ಆದರೆ ಕಟ್ಟಳೆ ಹೋದ ಮಾತ್ರಕ್ಕೆ ಮೊಣಕಾಲು ಬಲಿಯುವುದಿಲ್ಲ. ನಿಯಮವು ಕೈಬಿಟ್ಟ ಕಡೆ ತರಬೇತುದಾರನ ವಿವೇಕ, ತಂದೆತಾಯಿಗಳ ತಾಳ್ಮೆ ಆ ಜಾಗವನ್ನು ತುಂಬಬೇಕಾಗುತ್ತದೆ. ಇಂದು ಗೆಲ್ಲಲಿ ಎಂದು ಅವಸರಪಡುವ ಹಿರಿಯನು ಇಪ್ಪತ್ತೈದರಲ್ಲಿ ಅವನು ಹೇಗೆ ನಡೆಯುತ್ತಾನೆ ಎಂಬುದನ್ನೂ ಯೋಚಿಸಬೇಕು.

ನಿಯಮವೊಂದೇ ಸಾಲದೆಂಬುದಕ್ಕೆ ಹಳೆಯ ಪ್ರಸಂಗವೊಂದಿದೆ. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನ ಸೈಕಲ್ಲಿನ ಮುಂದಿನ ಫೋರ್ಕ್ ತೂರ್ಮಲೆ ಬೆಟ್ಟವನ್ನು ಇಳಿಯುವಾಗ ಮುರಿಯಿತು. ಹೊರಗಿನವರ ಸಹಾಯ ಪಡೆಯಬಾರದೆಂಬುದು ಅಂದಿನ ಕಟ್ಟಳೆ. ಅವನು ಸೈಕಲ್ಲನ್ನು ಹೊತ್ತು ಮೈಲಿಗಟ್ಟಲೆ ನಡೆದು ಕೆಳಗಿನ ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿದ. ತಾನೇ ಕಬ್ಬಿಣವನ್ನು ಕಾಯಿಸಿ ಬಡಿದು ಬೆಸೆದ. ಎರಡೂ ಕೈಗಳು ಕೆಲಸದಲ್ಲಿದ್ದುದರಿಂದ ತಿದಿ ಒತ್ತಲು ಒಬ್ಬ ಪುಟ್ಟ ಹುಡುಗ ನೆರವಾದ. ಗಂಟೆಗಳ ಕಾಲ ಕಾದು ನೋಡುತ್ತಿದ್ದ ಅಧಿಕಾರಿಗಳು ಆ ಹುಡುಗನ ನೆರವಿಗಾಗಿ ಹತ್ತು ನಿಮಿಷಗಳ ದಂಡ ವಿಧಿಸಿದರು. ಆಮೇಲೆ ಅದನ್ನು ಮೂರಕ್ಕೆ ಇಳಿಸಿದರು. ಕ್ರಿಸ್ತೋಫ್ ಆ ಸ್ಪರ್ಧೆಯನ್ನು ಏಳನೆಯವನಾಗಿ ಮುಗಿಸಿದ. ಅಧಿಕಾರಿಗಳ ಕಣ್ಣು ತಪ್ಪನ್ನು ಹುಡುಕುವುದರಲ್ಲಿ ಎಚ್ಚರವಾಗಿತ್ತು. ಬಿದ್ದವನನ್ನು ಎತ್ತುವುದು ಯಾರ ಕರ್ತವ್ಯವೂ ಆಗಿರಲಿಲ್ಲ. ಇಂದು ಬಿಡಿಭಾಗಗಳ ವಾಹನ ಸ್ಪರ್ಧಿಗಳನ್ನು ಹಿಂಬಾಲಿಸುತ್ತದೆ. ಚಕ್ರ ಪಂಕ್ಚರ್ ಆದವನಿಗೆ ಬೇರೆ ಚಕ್ರ ಸಿಗುತ್ತದೆ. ಕಟ್ಟಳೆಗೆ ಕರುಣೆ ಸೇರಿದ್ದರಿಂದ ಸ್ಪರ್ಧೆಯ ಘನತೆ ಕುಂದಿಲ್ಲ.

ಆದರೂ ಕರುಣೆಯ ಕಣ್ಣು ಎಲ್ಲ ಕಡೆಗೂ ತಲುಪಿಲ್ಲವೆಂಬುದನ್ನು 2024ರ ಒಂದು ದುರಂತ ತೋರಿಸಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸೆಪ್ಟೆಂಬರ್ 26ರಂದು ಜೂನಿಯರ್ ಬಾಲಕಿಯರ ವಿಶ್ವ ಸ್ಪರ್ಧೆ ನಡೆಯಿತು. ಮಳೆಯ ದಿನ, ತೊಯ್ದ ರಸ್ತೆ. ಆತಿಥೇಯ ದೇಶದವಳೇ ಆದ ಹದಿನೆಂಟರ ಹುಡುಗಿ ಮ್ಯೂರಿಯಲ್ ಫುರ್ರರ್ ಕಾಡಿನ ನಡುವಿನ ಇಳಿಜಾರಿನಲ್ಲಿ ಬಿದ್ದಳು. ಬಹಳ ಹೊತ್ತು ಅವಳು ಯಾರ ಕಣ್ಣಿಗೂ ಬೀಳಲಿಲ್ಲವೆಂದು ವರದಿಗಳು ಹೇಳಿದವು. ಓಟ ಮುಂದೆ ಸಾಗಿತು. ಮರುದಿನ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ನೂರಾರು ಅಧಿಕಾರಿಗಳು, ವಾಹನಗಳು, ಕ್ಯಾಮೆರಾಗಳಿದ್ದ ವಿಶ್ವಮಟ್ಟದ ಕೂಟದಲ್ಲಿ ಒಂದು ಮಗು ಕಾಣೆಯಾದದ್ದು ತಿಳಿಯದೆ ಹೋಯಿತೆಂಬುದು ಕ್ರೀಡಾಲೋಕವನ್ನು ನಡುಗಿಸಿತು. ಮರುವರ್ಷ, 2025ರ ಸೆಪ್ಟೆಂಬರಿನಲ್ಲಿ ರುವಾಂಡದ ಕಿಗಾಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸವಾರರ ಸೈಕಲ್ಲುಗಳಿಗೆ ಅವರಿರುವ ಸ್ಥಳವನ್ನು ತಿಳಿಸುವ ಜಿಪಿಎಸ್ ಸಾಧನವನ್ನು ಅಳವಡಿಸಲಾಯಿತು. ಹಿಂದೆ ಹೆಲ್ಮೆಟ್ಟಿನ ವಿಷಯದಲ್ಲಿಯೂ ಹೀಗೆಯೇ ಆಗಿತ್ತು. 2003ರ ಮಾರ್ಚಿನಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಹೆಲ್ಮೆಟ್ ಇಲ್ಲದೆ ಸ್ಪರ್ಧಿಸುತ್ತಿದ್ದಾಗ ಬಿದ್ದು ಮಡಿದ ಮೇಲೆಯೇ ವೃತ್ತಿಪರ ಸವಾರರಿಗೆ ಅದು ಕಡ್ಡಾಯವಾಯಿತು. ಲೋಕದ ಎಚ್ಚರ ಇಷ್ಟು ದುಬಾರಿಯಾದ ಬೆಲೆ ಕೊಟ್ಟೇ ಬರಬೇಕೇ?

ಈ ಪ್ರಶ್ನೆ ಊರಿನ ಸ್ಪರ್ಧೆಗಳನ್ನು ನಡೆಸುವವರಿಗೂ ಸಲ್ಲುತ್ತದೆ. ಜಾತ್ರೆಯ ಸಮಿತಿ, ದೇವಾಲಯದ ಟ್ರಸ್ಟು, ಯುವಕ ಸಂಘ ಇವು ಉತ್ಸಾಹದಿಂದ ಬಹುಮಾನದ ಮೊತ್ತವನ್ನು ಘೋಷಿಸುತ್ತವೆ. ಫಲಕಗಳ ಮೇಲೆ ದಾನಿಗಳ ಹೆಸರು ಬರೆಸುತ್ತವೆ. ಆದರೆ ಸ್ಪರ್ಧೆಯ ದಾರಿಯಲ್ಲಿ ಲಾರಿ, ಟ್ರ್ಯಾಕ್ಟರ್, ಬಸ್ಸುಗಳ ಸಂಚಾರವನ್ನು ಪೊಲೀಸರ ನೆರವಿನಿಂದ ತಡೆಯಲಾಗಿದೆಯೇ? ಪ್ರತಿ ತಿರುವಿನಲ್ಲಿ ಬಾವುಟ ಹಿಡಿದ ಒಬ್ಬರಾದರೂ ನಿಂತಿದ್ದಾರೆಯೇ? ಆಂಬುಲೆನ್ಸ್ ಸಿದ್ಧವಿದೆಯೇ? ಹೆಲ್ಮೆಟ್ ಇಲ್ಲದವನನ್ನು, ಅವನು ದಾನಿಯ ಮಗನೇ ಆಗಿರಲಿ, ಹೊರಡುವ ಗೆರೆಯಿಂದ ಹಿಂದಕ್ಕೆ ಕಳುಹಿಸುವ ಧೈರ್ಯ ಯಾರಿಗಾದರೂ ಇದೆಯೇ? ಮೊದಲ ಬಹುಮಾನದ ಮೊತ್ತದಲ್ಲಿ ಸ್ವಲ್ಪವನ್ನು ಕಡಿಮೆ ಮಾಡಿದರೆ ಇವೆಲ್ಲಕ್ಕೂ ಹಣ ದೊರೆಯುತ್ತದೆ. ಲಕ್ಷಾಂತರ ರೂಪಾಯಿ ಬೆಲೆಯ ವಿದೇಶಿ ಸೈಕಲ್ ಇರುವವನ ಪಕ್ಕದಲ್ಲಿ ಎರವಲು ತಂದ ಹಳೆಯ ಸೈಕಲ್ಲಿನ ಹುಡುಗ ನಿಂತಿರುತ್ತಾನೆ. ಅವನಿಗೆ ಒಂದು ಜೊತೆ ಒಳ್ಳೆಯ ಟೈರ್ ಕೊಡಿಸುವುದು ಕಪ್ಪಿನ ಮೇಲೆ ಹೆಸರು ಕೆತ್ತಿಸುವುದಕ್ಕಿಂತ ಹೆಚ್ಚು ಬೆಲೆಬಾಳುವ ದಾನ. ಆ ದಾನದಲ್ಲಿ ಹೆಸರು ಉಳಿಯದೆ ಹೋಗಬಹುದು. ಬ್ರೇಕ್ ಹಾಕಿದಾಗ ಜಾರದ ಚಕ್ರ ಉಳಿಯುತ್ತದೆ.

ಮನೆಯವರು ಮಾಡಬಹುದಾದದ್ದು ಇನ್ನೂ ಸುಲಭ. ಸ್ಪರ್ಧೆ ಮುಗಿಸಿ ಧೂಳು ಮೆತ್ತಿದ ಮುಖದಿಂದ ಬಂದ ಮಗನಿಗೋ ಮಗಳಿಗೋ ಕೇಳುವ ಮೊದಲ ಪ್ರಶ್ನೆಯನ್ನು ಬದಲಿಸಿದರೆ ಸಾಕು. "ಎಷ್ಟನೇ ನಂಬರ ಬಂದಿ?" ಎಂಬುದು ಎಲ್ಲರ ಬಾಯಲ್ಲಿ ತಾನಾಗಿ ಬರುವ ಪ್ರಶ್ನೆ. ಅದರ ಉತ್ತರ ಹೇಗಿದ್ದರೂ ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಅಂಟಿಸಿರುತ್ತಾರೆ. "ಯಾರ ಕೂಡ ಬಂದಿ? ನೀ ಎಷ್ಟೊತ್ತು ಮುಂದಿದ್ದಿ? ನಿನಗ ಯಾರು ಗಾಳಿ ತಡದ್ರು?" ಎಂದು ಕೇಳುವ ತಾಯಿ ಆ ಪಟ್ಟಿಯಲ್ಲಿ ಇಲ್ಲದ್ದನ್ನು ತಿಳಿಯುತ್ತಾಳೆ. ಉತ್ತರಿಸುವಾಗ ಮಗುವಿಗೂ ತಾನು ಯಾರ ಬೆನ್ನಿನ ಆಸರೆಯಲ್ಲಿ ಬಂದೆನೆಂಬುದು ನೆನಪಾಗುತ್ತದೆ. ಆ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದರೆ ಋಣದಲ್ಲಿ ಅರ್ಧ ತೀರಿದಂತೆ. ಉಳಿದರ್ಧವನ್ನು ಮುಂದಿನ ಭಾನುವಾರ ರಸ್ತೆಯ ಮೇಲೆ ತೀರಿಸಬಹುದು.

ಈ ಮಕ್ಕಳಲ್ಲಿ ಬಹುತೇಕ ಎಲ್ಲರೂ ಇಪ್ಪತ್ತೆರಡು ಇಪ್ಪತ್ತಮೂರು ತುಂಬುವುದರೊಳಗೆ ಸ್ಪರ್ಧೆಯ ಸೈಕಲ್ಲಿನಿಂದ ಇಳಿಯುತ್ತಾರೆ. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ದೊರೆಯುತ್ತದೆ. ಕೆಲವರು ಹೊಲಕ್ಕೆ, ಅಂಗಡಿಗೆ, ಕಚೇರಿಗೆ ಮರಳುತ್ತಾರೆ. ಕಪ್ಪುಗಳ ಮೇಲೆ ಧೂಳು ಕೂರುತ್ತದೆ. ಆದರೆ ಸರದಿ ಬಂದಾಗ ಮುಂದೆ ಹೋಗಬೇಕೆಂಬ ಅಭ್ಯಾಸವಾಗಲಿ, ಸರದಿಯನ್ನು ತಪ್ಪಿಸಿಕೊಳ್ಳುವ ಅಭ್ಯಾಸವಾಗಲಿ, ಅವರ ಜೊತೆಯಲ್ಲಿಯೇ ಹೊಲಕ್ಕೂ ಅಂಗಡಿಗೂ ಕಚೇರಿಗೂ ಹೋಗುತ್ತದೆ. ಅಣ್ಣತಮ್ಮಂದಿರ ಪಾಲಿನಲ್ಲಿ, ವ್ಯಾಪಾರದ ಪಾಲುದಾರಿಕೆಯಲ್ಲಿ, ವೃದ್ಧ ತಂದೆತಾಯಿಗಳನ್ನು ನೋಡಿಕೊಳ್ಳುವ ಸರದಿಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಹಿಂದೆ ಕುಳಿತು ಬಂದು ಕೊನೆಗೆ ಒಮ್ಮೆ ಜೋರಾಗಿ ಹೊಡೆಯುವುದನ್ನು ಮಗನಿಗೆ ಕಲಿಸಿದ ತಂದೆಗೆ, ತನ್ನ ಮುಪ್ಪಿನಲ್ಲಿ ಆ ಪಾಠದ ಫಲ ತನ್ನ ಕಡೆಗೇ ತಿರುಗಿ ಬಂದರೆ ಆಶ್ಚರ್ಯಪಡುವ ಅಧಿಕಾರವಿಲ್ಲ.

ಸ್ಪರ್ಧೆಯ ದಿನ ಮಧ್ಯಾಹ್ನದ ಹೊತ್ತಿಗೆ ಗೆದ್ದವರ ಭಾವಚಿತ್ರ ತೆಗೆದಾಗಿರುತ್ತದೆ. ಅತಿಥಿಗಳು ಕಾರು ಹತ್ತಿರುತ್ತಾರೆ. ಶಾಮಿಯಾನದ ಹಗ್ಗ ಬಿಚ್ಚಲು ಆಳುಗಳು ಬಂದಿರುತ್ತಾರೆ. ಆಗಲೂ ದೂರದಲ್ಲಿ ಒಬ್ಬಿಬ್ಬರು ಮಕ್ಕಳು ಬಿಸಿಲಿನಲ್ಲಿ ಪೆಡಲ್ ತುಳಿಯುತ್ತ ಬರುತ್ತಿರುತ್ತಾರೆ. ಅವರ ಹಿಂದೆ ಒಂದು ಜೀಪು ನಿಧಾನವಾಗಿ ಬರಬೇಕು. ಮುಗಿತಾಯದ ಗೆರೆಯ ಬಳಿ ಒಬ್ಬರಾದರೂ ಪಟ್ಟಿ ಹಿಡಿದು ನಿಂತಿರಬೇಕು. ಬೆಳಿಗ್ಗೆ ಹೊರಟವರ ಸಂಖ್ಯೆಯೂ ಮರಳಿ ಬಂದವರ ಸಂಖ್ಯೆಯೂ ಸರಿಹೊಂದಿದ ಮೇಲೆಯೇ ಆ ಪಟ್ಟಿಯನ್ನು ಮಡಿಸಿಡಬೇಕು.